ಸ್ವಭಾವವೂ ಸಾರ್ವಜನಿಕ ಜೀವನವೂ

(ಶಿಕ್ಷಕರೂ ಪಾಲಕರೂ ಕೂಡಿದ್ದ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ನಿಮ್ಮ ಮಂಡಲದ ಕಾರ್ಯದರ್ಶಿಗಳು ನನ್ನನ್ನು ಇಲ್ಲಿಗೆ ಆಮಂತ್ರಿಸುವಾಗ ವಿಷಯವನ್ನು ಆರಿಸುವ ಭಾರವನ್ನೂ ನನ್ನ ಮೇಲೆಯೇ ಹೊರಿಸಿದರು. ನಾನು ಮನಶ್ಶಾಸ್ತ್ರವನ್ನು ಕ್ರಮವಾಗಿ ಓದಿದವನಲ್ಲ. ಶಾಲೆಯಲ್ಲಿ ಪಾಠ ಹೇಳಿದವನೂ ಅಲ್ಲ. ಇಪ್ಪತ್ತು ವರ್ಷಗಳಿಂದ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದವನು. ಉಳಿದ ವೇಳೆಯಲ್ಲಿ ಊರಿನ ಸಾರ್ವಜನಿಕ ಕಾರ್ಯಗಳಲ್ಲಿ ಸ್ವಯಂಸೇವಕನಾಗಿ ಕೈಲಾದಷ್ಟು ದುಡಿದವನು. ಈ ಎರಡೂ ಕೆಲಸಗಳಲ್ಲಿ ನನಗೆ ದೊರೆತ ಸಂಪತ್ತೆಂದರೆ ಬಗೆಬಗೆಯ ಜನರ ಪರಿಚಯವೊಂದೇ. ಆದುದರಿಂದ ಮನುಷ್ಯರ ಸ್ವಭಾವಭೇದವು ಅವರ ವಿದ್ಯಾಭ್ಯಾಸದ ಮೇಲೆಯೂ ನಾಗರಿಕ ಜೀವನದ ಮೇಲೆಯೂ ಯಾವ ಪರಿಣಾಮವನ್ನುಂಟುಮಾಡುವದೆಂಬ ವಿಷಯವಾಗಿ ನಾಲ್ಕು ಮಾತುಗಳನ್ನು ತಮ್ಮ ಮುಂದಿಡುವೆನು.

ಈ ವಿಷಯವು ನನ್ನ ತಲೆಯಲ್ಲಿ ಹೊಕ್ಕದ್ದಕ್ಕೆ ಕಾರಣವೊಂದುಂಟು. ಹಿಂದಿನ ತಿಂಗಳು ನನ್ನ ಪರಿಚಯದ ಗೃಹಸ್ಥರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. “ರಾಯರೇ, ಇವನಿಗೆ ತಾವಾದರೂ ಬುದ್ಧಿ ಹೇಳಿರಿ. ಓದಿನಲ್ಲಿ ಹಿಂದಿಲ್ಲ, ಆದರೆ ನಾಲ್ಕು ಜನರೆದುರಿಗೆ ಬಾಯಿ ಬಿಡುವದಿಲ್ಲ. ಇಂಥವನು ಕಾಯದೆ ಓದುತ್ತೇನೆಂದು ಹಟ ಹಿಡಿದು ಕುಳಿತಿದ್ದಾನೆ. ಬಾಯಿಲ್ಲದವನು ವಕೀಲನಾಗುವದುಂಟೇ?” ಎಂದು ಕೇಳಿದರು. ಹುಡುಗನು ನೆಲ ನೋಡುತ್ತ ನಿಂತಿದ್ದನು. ನಾನು ನಕ್ಕು, “ವಿಚಾರ ಮಾಡಿ ಹೇಳುವೆನು” ಎಂದು ಅವರನ್ನು ಸಾಗಹಾಕಿದೆನು. ಅವರು ಹೋದ ಮೇಲೆ ನನ್ನ ನಗೆಯು ನನಗೇ ಸರಿದೋರಲಿಲ್ಲ. ಒಬ್ಬ ತರುಣನ ಇಡೀ ಜೀವನದ ದಾರಿಯನ್ನು ನಾವು ಅವನ ಸ್ವಭಾವದ ಒಂದೇ ಒಂದು ಲಕ್ಷಣದಿಂದ ಅಳೆಯುತ್ತಿದ್ದೆವು. ಹಾಗೆ ಅಳೆಯುವ ಅಧಿಕಾರವು ನಮಗುಂಟೇ? ಉಂಟಾದರೆ ಎಷ್ಟರ ಮಟ್ಟಿಗೆ? ಇದೇ ಇಂದಿನ ನನ್ನ ಪ್ರಶ್ನೆ.

ಮೊದಲು ಸ್ವಭಾವವೆಂದರೇನೆಂಬುದನ್ನು ನೋಡೋಣ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಅಡಿಗೆ ಉಂಡು ಬೆಳೆದ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬನು ಸಂತೆಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುತ್ತ ಬರುವನು. ಇನ್ನೊಬ್ಬನು ಸಾಮಾನು ಕೊಂಡು ನೆಟ್ಟಗೆ ಮನೆಗೆ ಬರುವನು. ಇದು ಯಾರಿಗೆ ಗೊತ್ತಿಲ್ಲ? ನಮ್ಮ ಪೂರ್ವಿಕರು ಈ ಭೇದವನ್ನು ಸತ್ವ, ರಜ, ತಮಗಳೆಂಬ ಮೂರು ಗುಣಗಳ ಕೂಡುವಿಕೆಯಿಂದ ವಿವರಿಸಿದರು. ನಮ್ಮ ಆಡುಮಾತಿನಲ್ಲಿಯಂತೂ ಸಿಡುಕ, ಸಾಧು, ಮೊಂಡ, ಮುಂಗೋಪಿ, ಮಿತಭಾಷಿ, ಹಟಮಾರಿ ಎಂದು ಸ್ವಭಾವವಾಚಕ ಶಬ್ದಗಳು ಲೆಕ್ಕವಿಲ್ಲದಷ್ಟಿವೆ. ಪಾಶ್ಚಾತ್ಯರಲ್ಲಿ ಸ್ವಿಟ್ಜರ್ಲೆಂಡಿನ ಯೂಂಗನು ೧೯೨೧ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಮನುಷ್ಯರನ್ನು ಅಂತರ್ಮುಖಿಗಳೆಂದೂ ಬಹಿರ್ಮುಖಿಗಳೆಂದೂ ವಿಂಗಡಿಸಿದನು. ೧೯೩೬ರಲ್ಲಿ ಅಮೇರಿಕೆಯ ಆಲ್‌ಪೋರ್ಟ್ ಮತ್ತು ಆಡ್‌ಬರ್ಟ್ ಎಂಬವರು ಇಂಗ್ಲಿಷ್ ನಿಘಂಟನ್ನು ಶೋಧಿಸಿ, ಮನುಷ್ಯರ ನಡೆನುಡಿಗಳ ಭೇದವನ್ನು ಹೇಳುವ ಸುಮಾರು ೧೮,೦೦೦ ಶಬ್ದಗಳನ್ನು ಪಟ್ಟಿ ಮಾಡಿದರು. ಮುಂದೆ ಬಂದ ವಿದ್ವಾಂಸರು ಇಂಥ ಶಬ್ದರಾಶಿಯನ್ನು ಸೋಸುತ್ತ ಸೋಸುತ್ತ ಐದು ಮುಖ್ಯ ಲಕ್ಷಣಗಳಿಗೆ ತಂದು ನಿಲ್ಲಿಸಿದರು. ಹೊಸದನ್ನು ಅರಸುವ ಕುತೂಹಲವೊಂದು. ಹಿಡಿದ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸುವ ನಿಷ್ಠೆಯೊಂದು. ಜನರೊಡನೆ ಬೆರೆಯುವ ಒಲವೊಂದು. ಪರರಿಗೆ ಹೊಂದಿಕೊಂಡು ನಡೆಯುವ ಸೌಜನ್ಯವೊಂದು. ಬೇಗನೆ ಕಳವಳಕ್ಕೀಡಾಗುವ ಮನಸ್ಸಿನ ಮೃದುತ್ವವೊಂದು. ಈ ಐದೂ ಎಲ್ಲರಲ್ಲಿಯೂ ಇರುವವು. ಅವುಗಳ ಪ್ರಮಾಣದಲ್ಲಿ ಮಾತ್ರ ಒಬ್ಬರಿಗೂ ಇನ್ನೊಬ್ಬರಿಗೂ ಅಂತರವುಂಟು.

ಇವು ಹುಟ್ಟಿನಿಂದ ಬಂದವುಗಳೋ ಬೆಳೆಸಿದಂತೆ ಬೆಳೆದವುಗಳೋ ಎಂದು ತಾವು ಕೇಳಬಹುದು. ಅವಳಿ ಮಕ್ಕಳನ್ನು ಹೋಲಿಸಿ ನೋಡಿದ ಅಭ್ಯಾಸಗಳಿಂದ ತಿಳಿದುಬಂದುದೇನೆಂದರೆ, ಜನರಲ್ಲಿ ಕಾಣುವ ಈ ಭೇದಗಳಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ವಂಶದಿಂದ ಬಂದುದು. ಉಳಿದ ಪಾಲು ಜೀವನದ ಅನುಭವಗಳಿಂದ ಆದುದು. ವಯಸ್ಸು ಹೆಚ್ಚಿ ಹೊಣೆ ಹೆಗಲಿಗೆ ಬಂದಂತೆ ಸಾಮಾನ್ಯವಾಗಿ ಮನುಷ್ಯನಲ್ಲಿ ನಿಷ್ಠೆಯು ಹೆಚ್ಚುತ್ತ ಹೋಗುವದೂ ಕಂಡುಬಂದಿದೆ. ಎಂದರೆ ಸ್ವಭಾವವು ಹೊಲದ ಮಣ್ಣಿನಂತೆ. ಎರೆಯ ಭೂಮಿಯನ್ನು ಮಸಾರಿಯನ್ನಾಗಿ ಮಾಡಲಾಗದು, ಆದರೆ ಎರಡರಲ್ಲಿಯೂ ತಕ್ಕ ಬೆಳೆಯನ್ನು ತೆಗೆಯಬಹುದು. ಎರೆಯಲ್ಲಿ ಬಿಳಿಜೋಳ ಬೆಳೆಯುವ ನಮ್ಮ ರೈತನು ಮಸಾರಿಯನ್ನು ಬೈಯುತ್ತ ಕೂಡುವದಿಲ್ಲ. ಅಲ್ಲಿ ಶೇಂಗಾ ಬಿತ್ತುವನು. ಮಕ್ಕಳ ವಿಷಯದಲ್ಲಿ ಮಾತ್ರ ಈ ರೈತನ ಬುದ್ಧಿಯು ನಮಗೆ ಮರೆತುಹೋಗುವದು.

ಇನ್ನು ವಿದ್ಯಾಭ್ಯಾಸದ ಮಾತಿಗೆ ಬರುವೆನು. ಪರೀಕ್ಷೆಯಲ್ಲಿ ಮೇಲಾದವನು ಜಾಣ, ಕೆಳಗಾದವನು ದಡ್ಡ ಎಂಬುದು ನಮ್ಮ ಸಾಮಾನ್ಯ ತೀರ್ಪು. ಆದರೆ ಆಸ್ಟ್ರೇಲಿಯಾದ ಪೋರೋಪಾಟ್ ಎಂಬ ವಿದ್ವಾಂಸರು ೨೦೦೯ರಲ್ಲಿ ಅನೇಕ ಅಭ್ಯಾಸಗಳನ್ನು ಒಟ್ಟುಗೂಡಿಸಿ, ೭೦,೦೦೦ಕ್ಕೂ ಮೇಲ್ಪಟ್ಟ ವಿದ್ಯಾರ್ಥಿಗಳ ಲೆಕ್ಕವನ್ನು ನೋಡಿದಾಗ, ಆ ಐದು ಲಕ್ಷಣಗಳಲ್ಲಿ ಪರೀಕ್ಷೆಯ ಯಶಸ್ಸಿಗೆ ಹೆಚ್ಚಿನ ಸಂಬಂಧವುಳ್ಳದ್ದು ನಿಷ್ಠೆಯೇ ಎಂದು ಕಂಡಿತು. ಅದೂ ಬುದ್ಧಿಯ ಚುರುಕುತನದಿಂದ ಬಹುಮಟ್ಟಿಗೆ ಬೇರೆಯಾಗಿಯೇ ನಿಂತ ಸಂಬಂಧ. ವೇಳೆಗೆ ಸರಿಯಾಗಿ ಕೂಡುವದು, ಕೊಟ್ಟ ಪಾಠವನ್ನು ಮುಗಿಸುವದು, ಬೇಸರವಾದರೂ ಬಿಡದಿರುವದು—ಈ ಗುಣಗಳಿಗೆ ಪರೀಕ್ಷೆಯು ಅಂಕಗಳನ್ನು ಕೊಡುವದು. ಇವು ದೊಡ್ಡ ಗುಣಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಕುತೂಹಲದಿಂದ ಪಠ್ಯವನ್ನು ಬಿಟ್ಟು ಬೇಲಿ ಹಾರುವ ಮಗುವಿನಲ್ಲಿರುವದೂ ಒಂದು ಗುಣವೇ. ಅದಕ್ಕೆ ನಮ್ಮ ಅಂಕಪಟ್ಟಿಯಲ್ಲಿ ಮನೆಯಿಲ್ಲ.

ನಮ್ಮ ನಾಡಿನ ಇಬ್ಬರು ಮಹನೀಯರನ್ನು ಎದುರುಬದುರಾಗಿ ನಿಲ್ಲಿಸಿ ನೋಡಿರಿ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಬಡತನದಲ್ಲಿ ಹುಡುಗರಿಗೆ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು ೧೮೮೧ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದರು. ಪುಣೆಗೆ ಹೋಗಿ ಎಂಜಿನಿಯರರಾದರು. ೧೯೧೨ರಿಂದ ೧೯೧೮ರ ವರೆಗೆ ಮೈಸೂರಿನ ದಿವಾನರಾಗಿದ್ದು, ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಸ್ಥಾಪನೆಯಾಗಲು ಕಾರಣರಾದರು. ಅವರ ಜೀವನವೆಲ್ಲ ವೇಳೆ, ಶಿಸ್ತು, ಕ್ರಮಗಳ ನೇರ ಗೆರೆ. ಇತ್ತ ೧೯೦೨ರಲ್ಲಿ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜನ್ನೇ ಬಿಟ್ಟರು. ನಾಟಕ, ಯಕ್ಷಗಾನ, ಕಾದಂಬರಿ, ಮಕ್ಕಳಿಗಾಗಿ ‘ಬಾಲಪ್ರಪಂಚ’, ವಿಜ್ಞಾನ, ಪತ್ರಿಕೆ, ಪ್ರವಾಸ—ಒಂದರಿಂದ ಒಂದಕ್ಕೆ ಅವರ ಮನಸ್ಸು ಹಾರುತ್ತಲೇ ಇದ್ದಿತು. ೧೯೮೯ರಲ್ಲಿ, ಎಂಬತ್ತೇಳರ ಮುಪ್ಪಿನಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸುತ್ತಿದ್ದ ಆ ಹಿರಿಯರು ಲೋಕಸಭೆಯ ಚುನಾವಣೆಗೂ ನಿಂತು ಸೋತರು. ವಿಶ್ವೇಶ್ವರಯ್ಯನವರನ್ನು ಕಾರಂತರ ದಾರಿಗೆ ಎಳೆದಿದ್ದರೆ ಒಬ್ಬ ಮಹಾ ಎಂಜಿನಿಯರರನ್ನು ಕಳೆದುಕೊಳ್ಳುತ್ತಿದ್ದೆವು. ಕಾರಂತರನ್ನು ವಿಶ್ವೇಶ್ವರಯ್ಯನವರ ಅಚ್ಚಿಗೆ ಹಾಕಿದ್ದರೆ ಅಚ್ಚೇ ಒಡೆಯುತ್ತಿದ್ದಿತು. ಇಬ್ಬರಿಗೂ ಭಾರತರತ್ನ, ಜ್ಞಾನಪೀಠಗಳಂಥ ಮನ್ನಣೆಗಳು ಬೇರೆ ಬೇರೆ ಬಾಗಿಲುಗಳಿಂದ ಬಂದವು.

ಪಾಲಕರೇ, ತಮ್ಮಲ್ಲಿ ನನ್ನ ಬಿನ್ನಹವಿಷ್ಟೇ. ಮಗನು ಅಥವಾ ಮಗಳು ಯಾವ ವಿದ್ಯೆಯನ್ನು ಹಿಡಿಯಬೇಕೆಂದು ನಿಶ್ಚಯಿಸುವಾಗ, ನೆರೆಮನೆಯ ಹುಡುಗನಿಗೆ ಬರುತ್ತಿರುವ ಸಂಬಳವನ್ನು ಮೊದಲು ನೋಡದೆ, ತಮ್ಮ ಮಗುವು ಯಾರ ಒತ್ತಾಯವೂ ಇಲ್ಲದ ಬಿಡುವಿನ ವೇಳೆಯಲ್ಲಿ ಏನು ಮಾಡುವದೆಂಬುದನ್ನು ಒಂದು ವರ್ಷ ಸುಮ್ಮನೆ ನೋಡಿರಿ. ಯಾವ ಪರೀಕ್ಷೆಯೂ ಹೇಳದ ಸಂಗತಿಯನ್ನು ಆ ಬಿಡುವಿನ ವೇಳೆಯು ಹೇಳುವದು.

ಈಗ ನಾಗರಿಕ ಜೀವನದ ಕಡೆಗೆ ತಿರುಗೋಣ. ಸಾರ್ವಜನಿಕ ಕಾರ್ಯಕರ್ತನೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವ ಮೂರ್ತಿ ಯಾವದು? ವೇದಿಕೆಯ ಮೇಲೆ ಕೈಯೆತ್ತಿ ಗರ್ಜಿಸುವ ವಾಗ್ಮಿಯದು. ಈ ಒಂದು ಮೂರ್ತಿಯು ನಮ್ಮ ಸಾರ್ವಜನಿಕ ಜೀವನಕ್ಕೆ ಮಾಡಿದ ಹಾನಿಯು ಸ್ವಲ್ಪವಲ್ಲ. ಏಕೆಂದರೆ ಅದನ್ನು ಕಂಡ ನೂರಾರು ಸಜ್ಜನರು, “ಇದು ನಮ್ಮ ಸ್ವಭಾವಕ್ಕೆ ಒಗ್ಗದ ಮಾತು” ಎಂದು ಮನೆಯ ಕದವಿಕ್ಕಿಕೊಳ್ಳುವರು. ಆದರೆ ನಮ್ಮ ನಾಡನ್ನು ಕಟ್ಟಿದವರು ಒಂದೇ ಸ್ವಭಾವದವರಾಗಿದ್ದರೇ? ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ೧೯೫೬ರ ನವೆಂಬರ ೧ರಂದು ಒಂದು ರಾಜ್ಯವಾದುದು, ೧೯೭೩ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರು ಬಂದುದು ತಮಗೆಲ್ಲ ತಿಳಿದ ಸಂಗತಿ. ಆ ಕಾರ್ಯದ ಹಿಂದಿದ್ದ ಜನರನ್ನು ಒಬ್ಬೊಬ್ಬರನ್ನಾಗಿ ನೆನೆಯಿರಿ.

ಡೆಪ್ಯುಟಿ ಚನ್ನಬಸಪ್ಪನವರು (೧೮೩೪–೧೮೮೧) ಸರಕಾರದ ಶಿಕ್ಷಣ ಇಲಾಖೆಯ ಅಧಿಕಾರಿಗಳು. ಬೆಳಗಾವಿ–ಧಾರವಾಡದ ಸೀಮೆಯಲ್ಲಿ ಕನ್ನಡ ಮಕ್ಕಳು ಮರಾಠಿ ಶಾಲೆಗಳಲ್ಲಿ ಕಲಿಯಬೇಕಾಗಿದ್ದ ಕಾಲದಲ್ಲಿ, ತಮ್ಮ ಅಧಿಕಾರದ ಚೌಕಟ್ಟಿನೊಳಗೇ ನಿಂತು ಊರೂರು ತಿರುಗಿ ಕನ್ನಡ ಶಾಲೆಗಳಿಗೆ ದಾರಿ ಮಾಡಿಕೊಟ್ಟರು. ಅವರದು ಕಡತ, ತಪಾಸಣೆ, ತಾಳ್ಮೆಗಳ ಸ್ವಭಾವ. ಅವರ ತರುವಾಯ ರಾ. ಹ. ದೇಶಪಾಂಡೆಯವರು ೧೮೯೦ರ ಜುಲೈ ೨೦ರಂದು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಹುಟ್ಟುಹಾಕಿದರು. ಅವರದು ಸಂಸ್ಥೆಯನ್ನು ಕಟ್ಟಿ ಬೆಳೆಸುವವರ ಸ್ವಭಾವ. ಆಲೂರ ವೆಂಕಟರಾಯರು ನಮ್ಮಂತೆ ಕಾಯದೆ ಓದಿದವರು, ೧೯೦೫ರಲ್ಲಿ ಹಂಪೆಯ ಅವಶೇಷಗಳನ್ನು ಕಂಡು ಮನ ಕಲಕಿದವರು, ವಕೀಲಿಯನ್ನು ಬಿಟ್ಟು, ೧೯೧೭ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಹೊರಡಿಸಿದರು, ೧೯೨೨ರಲ್ಲಿ ‘ಜಯಕರ್ನಾಟಕ’ ಮಾಸಪತ್ರಿಕೆಯನ್ನಾರಂಭಿಸಿದರು. ಅವರದು ಕನಸುಗಾರನ ಸ್ವಭಾವ. ಕಾಣದುದನ್ನು ಕಾಣುವ, ಕಂಡುದನ್ನು ಹತ್ತು ಜನರಿಗೆ ಕಾಣಿಸುವ ಕಣ್ಣು. ಗದುಗಿನ ವಕೀಲರಾದ ಹುಯಿಲಗೋಳ ನಾರಾಯಣರಾಯರು ೧೯೨೪ರ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಒಂದು ಹಾಡನ್ನು ಬರೆದುಕೊಟ್ಟರು. ಆ ಒಂದು ಹಾಡು ನೂರು ಭಾಷಣಗಳ ಕೆಲಸವನ್ನು ಮಾಡಿತು.

ಅದೇ ಬೆಳಗಾವಿಯಲ್ಲಿ ಇನ್ನೂ ಇಬ್ಬರನ್ನು ಕಾಣುವೆವು. ಹುಬ್ಬಳ್ಳಿಯ ಡಾಕ್ಟರ ನಾ. ಸು. ಹರ್ಡೀಕರರು ಕವಾಯತು ಮತ್ತು ಶಿಸ್ತಿನ ಜನ. ೧೯೨೩ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಸ್ಥಾಪಿಸಿದವರು. ಅವರ ಸಹಕಾರ್ಯಕರ್ತೆಯಾದ ಉಮಾಬಾಯಿ ಕುಂದಾಪುರರು ನೂರೈವತ್ತಕ್ಕೂ ಹೆಚ್ಚು ಮಂದಿ ಸ್ವಯಂಸೇವಿಕೆಯರನ್ನು ಆ ಅಧಿವೇಶನಕ್ಕಾಗಿ ಸಿದ್ಧಗೊಳಿಸಿ ನಡೆಸಿದರು. ಚಿಕ್ಕ ವಯಸ್ಸಿನಲ್ಲಿಯೇ ವೈಧವ್ಯವನ್ನು ಕಂಡ ಆ ತಾಯಿ ಮನೆಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಹೊರಗೆ ಕರೆತಂದರು. ಸ್ವಾತಂತ್ರ್ಯ ಬಂದ ಮೇಲೆ ಪದವಿ–ಪಟ್ಟಗಳಿಂದ ದೂರವಾಗಿಯೇ ಉಳಿದು, ೧೯೯೨ರಲ್ಲಿ ನೂರರ ಹತ್ತಿರದ ವಯಸ್ಸಿನಲ್ಲಿ ತೀರಿಕೊಂಡರು. ಮುಂದೆ ೧೯೫೩ರಲ್ಲಿ ಅದರಗುಂಚಿಯ ಶಂಕರಗೌಡರು ಏಕೀಕರಣಕ್ಕಾಗಿ ಉಪವಾಸ ಹಿಡಿದರು. ಮಾತಿನ ದಾರಿ ಮುಗಿದಾಗ ಮೈಯನ್ನೇ ಪಣಕ್ಕಿಡುವದು ಅವರ ದಾರಿ.

ಇನ್ನು ಮಂಗಳೂರಿನ ಇಬ್ಬರು ವಕೀಲರು. ಕಾರ್ನಾಡ ಸದಾಶಿವರಾಯರು (೧೮೮೧–೧೯೩೭) ಶ್ರೀಮಂತರ ಮನೆಯಲ್ಲಿ ಹುಟ್ಟಿ, ಇದ್ದುದನ್ನೆಲ್ಲ ದೇಶಕಾರ್ಯಕ್ಕೆ ಸುರಿದು, ಬರಿಗೈಯಲ್ಲಿ ಕಣ್ಣುಮುಚ್ಚಿದರು. ಕೊಡುವಾಗ ಲೆಕ್ಕ ಹಿಡಿಯುವದು ಅವರ ಸ್ವಭಾವದಲ್ಲಿಯೇ ಇರಲಿಲ್ಲ. ಅವರಿಗಿಂತ ಹಿರಿಯರಾದ ಕುದ್ಮುಲ್ ರಂಗರಾಯರು (೧೮೫೯–೧೯೨೮) ೧೮೯೨ರಲ್ಲಿ ದಲಿತರ ಮಕ್ಕಳಿಗಾಗಿ ಶಾಲೆ ತೆರೆದರು. ಸ್ವಜಾತಿಯವರ ಬಹಿಷ್ಕಾರವನ್ನುಂಡರೂ ಬಿಡದೆ, ೧೮೯೭ರಲ್ಲಿ ಆ ಕಾರ್ಯಕ್ಕಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ನಿಲ್ಲಿಸಿದರು. ಅವರದು ಒಂದೇ ಹೊಲವನ್ನು ಮೂವತ್ತು ವರ್ಷ ಉಳುವ ಛಲ.

ಮಹನೀಯರೇ, ಈ ಪಟ್ಟಿಯನ್ನು ನಾನು ಏಕೆ ಓದಿದೆನು? ಇವರಲ್ಲಿ ಯಾರ ಕೆಲಸವನ್ನು ಯಾರೂ ಮಾಡಲಾರದವರು. ಚನ್ನಬಸಪ್ಪನವರಿಗೆ ಉಪವಾಸ ಮಾಡಲು ಹೇಳಿ, ಶಂಕರಗೌಡರಿಗೆ ಶಾಲೆಯ ತಪಾಸಣೆಯ ವರದಿ ಬರೆಯಲು ಹೇಳಿದ್ದರೆ ಎರಡು ಕೆಲಸಗಳೂ ಕೆಡುತ್ತಿದ್ದವು. ನಾಡು ಒಂದು ರಥವೆಂದು ಹೇಳುವದು ಹಳೆಯ ಮಾತು. ರಥ ಎಳೆಯುವವರಿದ್ದಂತೆ ಗಾಲಿಗೆ ಸನ್ನೆಗೋಲು ಕೊಡುವವನೂ ಬೇಕು. ಅವನು ಬಾಗಿಯೇ ನಡೆಯುವನು, ಅವನ ಮುಖವನ್ನು ಜಾತ್ರೆಯ ಜನರಾರೂ ನೋಡುವದಿಲ್ಲ. ಆದರೆ ಅವನಿಲ್ಲದಿದ್ದರೆ ರಥವು ಓಣಿಯ ತಿರುವಿನಲ್ಲಿ ಯಾರ ಮನೆಯ ಕಟ್ಟೆಗೆ ಬಡಿಯುವದೋ ಹೇಳಲಾಗದು.

ಈ ತತ್ವವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ತಪ್ಪಿನಿಂದ ಕಲಿತೆನು. ನಾವು ಕೆಲವರು ಕೂಡಿ ಓಣಿಯಲ್ಲಿ ಒಂದು ವಾಚನಾಲಯ ನಡೆಸುತ್ತಿದ್ದೆವು. ಅರಿವೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಒಬ್ಬ ತರುಣನು ತಾನಾಗಿಯೇ ಬಂದು ಸದಸ್ಯನಾದನು. ಹುರುಪಿನ ಭರದಲ್ಲಿ ನಾನು, ಅವನನ್ನು ಒಂದು ಮಾತೂ ಕೇಳದೆ, ವಾರ್ಷಿಕ ಸಭೆಯ ಭಾಷಣಕಾರರ ಪಟ್ಟಿಯಲ್ಲಿ ಅವನ ಹೆಸರನ್ನು ಅಚ್ಚು ಹಾಕಿಸಿಬಿಟ್ಟೆನು. ಅವನು ಎದ್ದು ನಿಂತನು, ಎರಡು ವಾಕ್ಯ ಹೇಳಿದನು, ಕಂಠ ಕಟ್ಟಿತು, ಕುಳಿತನು. ಹಿಂದಿನ ಸಾಲಿನ ಹುಡುಗರು ನಕ್ಕರು. ಮರುದಿನದಿಂದ ಅವನು ವಾಚನಾಲಯಕ್ಕೆ ಬರುವದನ್ನೇ ಬಿಟ್ಟನು. “ಧೈರ್ಯವಿಲ್ಲದ ಹುಡುಗ” ಎಂದು ನಾನೂ ಅವನನ್ನು ಮರೆತೆನು. ಎರಡು ವರ್ಷಗಳ ತರುವಾಯ ವಾಚನಾಲಯದ ಸ್ಥಿತಿ ಏನಾಯಿತೆಂದು ಕೇಳುವಿರಾ? ಭಾಷಣಗಳು ಬೇಕಾದಷ್ಟು ಆಗಿದ್ದವು. ಪುಸ್ತಕಗಳು ಅರ್ಧಕ್ಕರ್ಧ ಕಳೆದಿದ್ದವು. ವರ್ಗಣಿಯ ಲೆಕ್ಕವು ಯಾರಿಗೂ ಹತ್ತುತ್ತಿರಲಿಲ್ಲ. ಆಗ ಯಾರೋ ಹೇಳಿದರು: ಆ ಗುಮಾಸ್ತನು ತನ್ನ ಸ್ವಂತದ ಪುಸ್ತಕಗಳನ್ನು ಓಣಿಯ ಮಕ್ಕಳಿಗೆ ಎರವು ಕೊಡುತ್ತಾನೆ, ವಹಿಯಲ್ಲಿ ಬರೆದಿಡುತ್ತಾನೆ, ಒಂದೂ ಕಳೆದಿಲ್ಲ! ನಾನು ನಾಚಿಕೆಯನ್ನು ಬದಿಗಿಟ್ಟು ಅವನ ಮನೆಗೆ ಹೋದೆನು. “ರಾಯರೇ, ಭಾಷಣವೊಂದನ್ನು ಬಿಟ್ಟು ಮತ್ತೇನಾದರೂ ಹೇಳಿರಿ, ಮಾಡುತ್ತೇನೆ” ಎಂದನು. ಅಂದಿನಿಂದ ಹನ್ನೊಂದು ವರ್ಷ ನಮ್ಮ ವಾಚನಾಲಯದ ಲೆಕ್ಕದಲ್ಲಿ ಒಂದು ಪೈಯ ಅಂತರ ಬಂದಿಲ್ಲ. ಅವನಲ್ಲಿ ಧೈರ್ಯವಿರಲಿಲ್ಲವೆಂಬುದು ನನ್ನ ಭ್ರಮೆ. ನಮ್ಮಲ್ಲಿ ಕಣ್ಣಿರಲಿಲ್ಲವೆಂಬುದೇ ನಿಜ.

ಇದು ಒಂದು ವಾಚನಾಲಯದ ಕಥೆ ಮಾತ್ರವಲ್ಲ. ಅಮೇರಿಕೆಯಲ್ಲಿ ನಡೆದ ಅಭ್ಯಾಸಗಳಲ್ಲಿ, ಸಭೆಗೆ ಹೋಗುವದು, ಅಲ್ಲಿ ಎದ್ದು ಮಾತಾಡುವದು, ಚುನಾವಣೆಯ ಪ್ರಚಾರ ಮಾಡುವದು ಇವೆಲ್ಲ ಜನರೊಡನೆ ಬೆರೆಯುವ ಒಲವುಳ್ಳವರಲ್ಲಿಯೇ ಹೆಚ್ಚಾಗಿ ಕಂಡುಬಂದಿವೆ. ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಇದರ ಪರಿಣಾಮವನ್ನು ವಿಚಾರಿಸಿರಿ. ೧೯೫೧–೫೨ರ ಮೊದಲನೆಯ ಸಾರ್ವತ್ರಿಕ ಚುನಾವಣೆಯಿಂದ ನಮ್ಮ ದೇಶದ ಪ್ರತಿಯೊಬ್ಬ ವಯಸ್ಕನಿಗೂ, ಗಂಡಾಗಲಿ ಹೆಣ್ಣಾಗಲಿ, ಒಂದು ಮತವುಂಟು. ಗುಪ್ತ ಮತದಾನದ ಮರೆಯಲ್ಲಿ ವಾಗ್ಮಿಯೂ ಮೂಕನೂ ಸಮಾನರು. ಆದರೆ ಸಭೆಯಲ್ಲಿ? ೧೯೯೩ರಲ್ಲಿ ಜಾರಿಗೆ ಬಂದ ಸಂವಿಧಾನದ ೭೩ನೆಯ ತಿದ್ದುಪಡಿಯು ಗ್ರಾಮಸಭೆಗೆ ಸಂವಿಧಾನದಲ್ಲಿಯೇ ಸ್ಥಾನ ಕೊಟ್ಟಿತು. ಅಲ್ಲಿ ಗಟ್ಟಿ ದನಿಯ ನಾಲ್ವರು ಮಾತಾಡಿದರೆ, “ಊರವರ ಅಭಿಪ್ರಾಯ ಇದು” ಎಂದು ಠರಾವು ಬರೆಯಲ್ಪಡುವದು. ಉಳಿದವರ ಮೌನವನ್ನು ಸಮ್ಮತಿಯೆಂದು ತಿಳಿಯುವದು ನಮ್ಮ ರೂಢಿ. ಕೋರ್ಟಿನ ಅನುಭವದಿಂದ ಹೇಳುವೆನು: ಮೌನವು ಸಮ್ಮತಿಯಲ್ಲ. ಧೈರ್ಯವಾಗಿ ಸುಳ್ಳು ಹೇಳುವ ಸಾಕ್ಷಿಯನ್ನೂ, ತಡವರಿಸುತ್ತ ನಿಜ ಹೇಳುವ ಸಾಕ್ಷಿಯನ್ನೂ ನಾನು ಬೇಕಾದಷ್ಟು ಕಂಡಿದ್ದೇನೆ. ಒಳ್ಳೆಯ ನ್ಯಾಯಾಧೀಶನು ಎರಡನೆಯವನಿಗೆ ಒಂದು ಲೋಟ ನೀರು ಕೊಡಿಸಿ, “ಸಾವಕಾಶ ಹೇಳಪ್ಪಾ” ಎನ್ನುವನು. ನಮ್ಮ ಸಭೆಗಳ ಅಧ್ಯಕ್ಷರೂ ಈ ಒಂದು ಮಾತನ್ನು ಕಲಿಯಬೇಕಾಗಿದೆ.

ಇಲ್ಲಿ ಎರಡು ಎಚ್ಚರಿಕೆಯ ಮಾತುಗಳನ್ನು ಹೇಳದೆ ಮುಂದಕ್ಕೆ ಹೋಗಲಾರೆನು.

ಒಂದನೆಯದು: ಸ್ವಭಾವದ ಹೆಸರಿನಲ್ಲಿ ನಮ್ಮ ಸಮಾಜವು ದೊಡ್ಡ ಅನ್ಯಾಯಗಳನ್ನು ಮಾಡಿದೆ. ‘ಅವರ ಜಾತಿಯ ಸ್ವಭಾವವೇ ಹಾಗೆ, ಅವರಿಗೆ ಓದು ಹತ್ತದು’ ಎಂದೂ, ‘ಹೆಣ್ಣಿನ ಸ್ವಭಾವಕ್ಕೆ ಹೊರಗಿನ ಕೆಲಸ ಸಲ್ಲದು’ ಎಂದೂ ಎಷ್ಟು ತಲೆಮಾರುಗಳ ವರೆಗೆ ಹೇಳಿದೆವು! ರಂಗರಾಯರ ಶಾಲೆಯಲ್ಲಿ ಕಲಿತ ಮಕ್ಕಳು ಮೊದಲನೆಯ ಮಾತನ್ನೂ, ಉಮಾಬಾಯಿಯವರ ಸ್ವಯಂಸೇವಿಕೆಯರು ಎರಡನೆಯ ಮಾತನ್ನೂ ಸುಳ್ಳು ಮಾಡಿದರು. ಸ್ವಭಾವವು ವ್ಯಕ್ತಿಯದು, ಜಾತಿಯದಲ್ಲ, ಲಿಂಗದ್ದಲ್ಲ, ಸೀಮೆಯದಲ್ಲ. ಪ್ರತಿಯೊಂದು ಕೇರಿಯಲ್ಲಿಯೂ ಮಾತುಗಾರರೂ ಮೌನಿಗಳೂ, ಕನಸುಗಾರರೂ ಲೆಕ್ಕಿಗರೂ ಹುಟ್ಟುತ್ತಲೇ ಇದ್ದಾರೆ. ಮಗುವನ್ನು ನೋಡಿ ಅದರ ಸ್ವಭಾವವನ್ನು ತಿಳಿಯಿರಿ. ಹೆಸರನ್ನು ನೋಡಿ ತಿಳಿಯಬೇಡಿರಿ. ವಿದ್ವಾಂಸರು ಹೇಳುವ ಲೆಕ್ಕಗಳೂ ಸಾವಿರಾರು ಜನರ ಸರಾಸರಿಗಳೇ ಹೊರತು, ನಿಮ್ಮೆದುರಿಗೆ ನಿಂತ ಒಬ್ಬ ಹುಡುಗನ ಹಣೆಬರಹವಲ್ಲ.

ಎರಡನೆಯದು: ಸ್ವಭಾವವು ನೆಪವಾಗಬಾರದು. ‘ನನ್ನದು ಸಿಟ್ಟಿನ ಸ್ವಭಾವ’ ಎಂದು ಹೇಳಿ ಹೆಂಡಿರುಮಕ್ಕಳ ಮೇಲೆ ಹರಿಹಾಯುವವನಿಗೂ, ‘ನನ್ನದು ಸಂಕೋಚದ ಸ್ವಭಾವ’ ಎಂದು ಹೇಳಿ ಕಣ್ಣೆದುರಿನ ಅನ್ಯಾಯಕ್ಕೆ ಬೆನ್ನು ತಿರುಗಿಸುವವನಿಗೂ ನಾನು ಕ್ಷಮೆ ಕೊಡಲಾರೆನು. ಯಾವ ದಾರಿಯಿಂದ ಸೇವೆ ಮಾಡಬೇಕೆಂಬುದನ್ನು ಸ್ವಭಾವವು ಹೇಳಬಹುದು. ಸೇವೆ ಮಾಡಬೇಕೋ ಬೇಡವೋ ಎಂಬುದನ್ನು ಹೇಳುವ ಅಧಿಕಾರವು ಅದಕ್ಕಿಲ್ಲ. ಅದು ವಿವೇಕದ ಅಧಿಕಾರ.

ಈಗ ನಾನು ಆರಂಭದಲ್ಲಿ ಹೇಳಿದ ಹುಡುಗನ ಬಳಿಗೆ ಮರಳಿ ಬರುವೆನು. ಬಾಯಿಲ್ಲದವನು ವಕೀಲನಾಗುವದುಂಟೇ? ೧೮೯೧ರಲ್ಲಿ ವಿಲಾಯತಿಯಿಂದ ಬ್ಯಾರಿಸ್ಟರರಾಗಿ ಮರಳಿದ ಒಬ್ಬ ತರುಣರು ಮುಂಬಯಿಯ ಸ್ಮಾಲ್ ಕಾಜ್ ಕೋರ್ಟಿನಲ್ಲಿ ತಮ್ಮ ಮೊದಲನೆಯ ಖಟ್ಲೆಗೆ ನಿಂತರು. ಎದುರು ಪಕ್ಷದ ಸಾಕ್ಷಿಯನ್ನು ಪಾಟೀಸವಾಲು ಮಾಡಬೇಕಾಗಿತ್ತು. ಎದ್ದು ನಿಂತರು, ತಲೆ ತಿರುಗಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ, ಕುಳಿತುಬಿಟ್ಟರು. ಪಡೆದ ಫೀಯನ್ನು ಹಿಂದಕ್ಕೆ ಕೊಟ್ಟು, ಬೇರೊಬ್ಬ ವಕೀಲರನ್ನು ನೇಮಿಸಿಕೊಳ್ಳಲು ಹೇಳಿ ಹೊರಬಿದ್ದರು. ಅದಕ್ಕೂ ಮೊದಲು ಲಂಡನ್ನಿನ ಶಾಕಾಹಾರಿಗಳ ಸಂಘದ ಸಭೆಯಲ್ಲಿ, ಬಾಯಿಂದ ಹೇಳಲಾರದ ತಮ್ಮ ಅಭಿಪ್ರಾಯವನ್ನು ಕಾಗದದಲ್ಲಿ ಬರೆದು ತಂದಿದ್ದರು; ಅದನ್ನೂ ಮತ್ತೊಬ್ಬರೇ ಓದಿದರು. ಆ ತರುಣರ ಹೆಸರು ಮೋಹನದಾಸ ಕರಮಚಂದ ಗಾಂಧಿ. ಈ ಸಂಗತಿಗಳನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಮರೆಮಾಚದೆ ಬರೆದಿದ್ದಾರೆ. ೧೮೯೩ರಲ್ಲಿ ದಕ್ಷಿಣ ಆಫ್ರಿಕೆಗೆ ಹೋದ ಮೇಲೆ, ಪ್ರಿಟೋರಿಯಾದಲ್ಲಿ ಅಲ್ಲಿಯ ಹಿಂದೀ ಜನರ ಕಷ್ಟಗಳನ್ನು ಕುರಿತು ಮಾತಾಡಲು ಎದ್ದಾಗ ಅವರ ಬಾಯಿ ಬಿಚ್ಚಿತು. ಅವರ ಸಂಕೋಚವು ಆ ದಿನ ಮಾಯವಾಗಲಿಲ್ಲ. ಆದರೆ ಸಂಕೋಚಕ್ಕಿಂತ ದೊಡ್ಡದಾದ ಕಾರಣವೊಂದು ಅವರಿಗೆ ದೊರೆಯಿತು. ಆ ಸಂಕೋಚದಿಂದಲೇ ತಾವು ಅಳೆದು ಮಾತಾಡುವದನ್ನು ಕಲಿತೆವೆಂದೂ ಅವರು ಹೇಳಿಕೊಂಡಿದ್ದಾರೆ. ನೋಡಿರಿ, ಕೊರತೆಯೆಂದು ನಾವು ಭಾವಿಸಿದುದೇ ಕೊನೆಗೆ ಮಾತಿನ ತೂಕವಾಯಿತು.

ಅದಲ್ಲದೆ, ಬಂಧುಗಳೇ, ವಕೀಲಿಯೆಂದರೆ ಬರಿಯ ಬಾಯಿಯಲ್ಲ. ಹಳೆಯ ಕಾಗದಪತ್ರಗಳನ್ನು ತಾಳ್ಮೆಯಿಂದ ಓದುವವನು, ಕಕ್ಷಿಗಾರನ ಅಳಲನ್ನು ಅಡ್ಡ ಮಾತಾಡದೆ ಕೇಳುವವನು, ಫಿರ್ಯಾದಿಯನ್ನು ಒಂದಕ್ಷರವೂ ಹೆಚ್ಚಾಗದಂತೆ ಬರೆಯುವವನು—ಇವರೂ ವಕೀಲರೇ. ನಾನು ಗೆದ್ದ ಅನೇಕ ಖಟ್ಲೆಗಳು ನನ್ನ ಮಾತಿನಿಂದ ಗೆದ್ದವುಗಳಲ್ಲ; ನನ್ನ ಕಚೇರಿಯ ಮೂಲೆಯಲ್ಲಿ ಕುಳಿತ ಮಿತಭಾಷಿಯೊಬ್ಬರು ಹುಡುಕಿ ತೆಗೆದ ಒಂದು ಕಾಗದದಿಂದ ಗೆದ್ದವು.

ಆದುದರಿಂದ ಶಿಕ್ಷಕಬಂಧುಗಳಲ್ಲಿ ಮೂರು ವಿನಂತಿಗಳನ್ನು ಮಾಡಿ ಮುಗಿಸುವೆನು. ವರ್ಗದಲ್ಲಿ ಪ್ರಶ್ನೆ ಕೇಳಿದಾಗ ಮೊದಲು ಮೇಲೆದ್ದ ಕೈಯನ್ನೇ ನೋಡದೆ, ಸ್ವಲ್ಪ ತಡೆಯಿರಿ. ತಡವಾಗಿ ಏಳುವ ಕೈಯಲ್ಲಿಯೂ ಉತ್ತರವುಂಟು. ಶಾಲೆಯ ಕೆಲಸಗಳನ್ನು ಹಂಚುವಾಗ ಭಾಷಣ ಮಾಡುವವನಿಗೆ ಇರುವ ಮರ್ಯಾದೆಯನ್ನೇ ಪುಸ್ತಕಗಳನ್ನು ಜೋಡಿಸಿಡುವವನಿಗೂ, ಗಿಡಕ್ಕೆ ನೀರೆರೆಯುವವಳಿಗೂ, ಲೆಕ್ಕ ಬರೆಯುವವಳಿಗೂ ಕೊಡಿರಿ; ನಾಳಿನ ನಾಗರಿಕರು ಅಲ್ಲಿಯೇ ತಯಾರಾಗುವರು. ಮತ್ತು ಸಂಕೋಚದ ಮಗುವನ್ನು ಒಮ್ಮೆಲೇ ವೇದಿಕೆಯ ಮೇಲೆ ನೂಕಬೇಡಿರಿ. ಹಾಗೆಂದು ಮೂಲೆಯಲ್ಲಿಯೂ ಬಿಡಬೇಡಿರಿ. ಮೊದಲು ಇಬ್ಬರೆದುರಿಗೆ, ಆಮೇಲೆ ಹತ್ತು ಜನರೆದುರಿಗೆ, ತಾನು ಬಲ್ಲ ವಿಷಯವನ್ನು ಹೇಳುವ ಅಭ್ಯಾಸ ಮಾಡಿಸಿರಿ. ಊರಿನ ಮುಖಂಡರಲ್ಲಿಯೂ ಒಂದು ವಿನಂತಿಯುಂಟು: ಸಭೆಗೆ ಮೊದಲೇ ವಿಷಯವನ್ನು ತಿಳಿಸಿರಿ, ಬರೆದುಕೊಟ್ಟ ಅಭಿಪ್ರಾಯಗಳನ್ನೂ ಓದಿಸಿರಿ, ಓಣಿಯ ಚಿಕ್ಕ ಕೂಟಗಳಲ್ಲಿ ಕೇಳಿ ತಿಳಿದು ಆಮೇಲೆ ದೊಡ್ಡ ಸಭೆ ಕರೆಯಿರಿ. ಇದಕ್ಕೆ ಹೊಸ ಕಾಯದೆಯೂ ಬೇಡ, ಹಣವೂ ಬೇಡ.

ನಾಳೆ ಬೆಳಿಗ್ಗೆ ನಾನು ಆ ಗೃಹಸ್ಥರ ಮನೆಗೆ ಹೋಗುವವನಿದ್ದೇನೆ. ತಂದೆಯೊಡನೆ ಆಮೇಲೆ ಮಾತಾಡುವೆನು. ಮೊದಲು ಹುಡುಗನನ್ನು ಕೂಡಿಸಿಕೊಂಡು, “ತಮ್ಮಾ, ಕಾಯದೆಯೇ ಏಕೆ ಬೇಕೆನಿಸಿತು?” ಎಂದು ಕೇಳುವೆನು; ಅವನು ಹೇಳಿ ಮುಗಿಸುವ ವರೆಗೆ, ಎಷ್ಟೇ ಹೊತ್ತಾಗಲಿ, ನಾನು ಬಾಯಿ ತೆರೆಯುವದಿಲ್ಲ. ಮಾತೇ ವೃತ್ತಿಯಾದ ನನ್ನಂಥವನಿಗೆ ಇದು ಸುಲಭವಲ್ಲ. ನನ್ನ ಸ್ವಭಾವವೂ ತಿದ್ದಿಕೊಳ್ಳಬೇಕಾದುದೇ ಅಲ್ಲವೇ?